ಕಾರ್ಯಾಗಾರ ಬಹಳ, ಬರವಣಿಗೆ ವಿರಳ

ಪಿಎಚ್‌.ಡಿ. ಮಾಡುತ್ತಿರುವ ಅತಿಥಿ ಉಪನ್ಯಾಸಕರೊಬ್ಬರ ಮಹಾಪ್ರಬಂಧವನ್ನು ಮೊಟ್ಟಮೊದಲು ಅಕ್ಷರ ಬಿಡದೆ ಓದುವವರು ಯಾರು? ಎಷ್ಟೋ ಸಲ ಗೈಡ್ ಅಲ್ಲ, ಡಿಟಿಪಿ ಅಂಗಡಿಯ ಹುಡುಗ. ಉದ್ದ ನೋಟ್‌ಬುಕ್ಕಿನ ಕೈಬರಹ ಅವನ ಟೇಬಲ್ಲಿಗೆ ಬರುತ್ತದೆ. ಅವನು ಅದನ್ನು ‘ನುಡಿ’ಯಲ್ಲಿ ಕುಟ್ಟುತ್ತ, ತಿಳಿಯದ ಕಡೆ ಫೋನ್ ಮಾಡುತ್ತಾನೆ: “ಸರ್, ಈ ವಾಕ್ಯ ಇಲ್ಲಿಗೇ ಮುಗೀತದ ಏನು, ಮುಂದಿನ ಪುಟಕ್ಕ ಹೋಗ್ತದ?” ಐದಾರು ವರ್ಷಗಳ ಸಂಶೋಧನೆಯಲ್ಲಿ ಬರವಣಿಗೆಯ ಬಗ್ಗೆ ಯಾರಾದರೂ ಕೇಳುವ ಪ್ರಾಮಾಣಿಕ ಪ್ರಶ್ನೆ ಬಹುಶಃ ಇದೊಂದೇ.

ಬಸವಕಲ್ಯಾಣ, ಹುಮನಾಬಾದಿನಂಥ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಪಾಠ ಮಾಡುತ್ತ ಸಂಶೋಧನೆಗೆ ಕೈಹಾಕಿದವರಿಗೆ ನಾವು ಕೊಡುತ್ತಿರುವ ಬೆಂಬಲವನ್ನು ಈ ಪ್ರಶ್ನೆಯ ಪಕ್ಕದಲ್ಲೇ ಇಟ್ಟು ನೋಡಬೇಕು. ಬೆಂಬಲ ಎಂದರೆ ನಮ್ಮಲ್ಲಿ ಕಾರ್ಯಾಗಾರ. ಅದರ ನಡಾವಳಿ ಎಲ್ಲರಿಗೂ ಬಾಯಿಪಾಠ: ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಶಾಲು, ಹಾರ, ಆಶಯ ನುಡಿ. ಹನ್ನೆರಡೂವರೆಯ ಹೊತ್ತಿಗೆ ಸಂಪನ್ಮೂಲ ವ್ಯಕ್ತಿಗೆ ಮೈಕ್ ಸಿಗುತ್ತದೆ. ಊಟದ ನಂತರ ಅರ್ಧ ಸಭಾಂಗಣ ಖಾಲಿ. ಉಳಿದವರು ಸರ್ಟಿಫಿಕೇಟಿಗೆ ಕಾಯುತ್ತಾರೆ. ಇಡೀ ದಿನದಲ್ಲಿ ಒಬ್ಬರೂ ಒಂದು ಪ್ಯಾರಾ ಬರೆದಿರುವುದಿಲ್ಲ, ಇನ್ನೊಬ್ಬರ ಪ್ಯಾರಾ ಓದಿರುವುದೂ ಇಲ್ಲ.

ಬಸವಕಲ್ಯಾಣದಲ್ಲಾದರೆ ಭಾಷಣ ಅನುಭವ ಮಂಟಪದಿಂದಲೇ ಶುರುವಾಗಬೇಕು. ತಪ್ಪೇನಿಲ್ಲ, ಆದರೆ ಆ ಹೆಸರಿನ ಅರ್ಧ ಮಾತ್ರ ನಮಗೆ ಬೇಕಾಗಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದ್ದು ಆ ಪರಂಪರೆಯ ಜೀವ. ಅದಕ್ಕೂ ಮೊದಲು ಇದೇ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರವೂ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ: ಹಿಂದಿನವರನ್ನು ಓದಿ, ಒಪ್ಪಿ, ತಕರಾರು ತೆಗೆದು ಬರೆದದ್ದು. ನಮ್ಮ ಗೋಷ್ಠಿಗಳಲ್ಲಿ ತಕರಾರಿಗೆ ವೇಳೆಯೇ ಇರುವುದಿಲ್ಲ. ‘ಸಮಯದ ಅಭಾವ’ ಅಡ್ಡ ಬರುತ್ತದೆ.

ನಿಯಮಗಳೂ ಇದೇ ದಾರಿಗೆ ತಳ್ಳಿದವು. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಿರಲೇಬೇಕೆಂದು ಯುಜಿಸಿ ಕಡ್ಡಾಯ ಮಾಡಿತ್ತು. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿಕೊಂಡವು, ಐಎಸ್‌ಬಿಎನ್ ಅಂಟಿಸಿದ ವಿಚಾರ ಸಂಕಿರಣದ ಸಂಪುಟಗಳೂ ಬಂದವು. 2018ರಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. 2022ರ ನಿಯಮಾವಳಿಯಲ್ಲಿ ಆ ಕಡ್ಡಾಯವೇ ಹೋಯಿತು. 2025ರಲ್ಲಿ ಯುಜಿಸಿಯ ಮಾನ್ಯ ಜರ್ನಲ್‌ಗಳ ಕೇರ್ ಪಟ್ಟಿಯೂ ಹೋಯಿತು. ಒಳ್ಳೆಯದೇ ಆಯಿತು. ಆದರೆ ಒತ್ತಾಯ ತೆಗೆದ ಜಾಗದಲ್ಲಿ ಅಭ್ಯಾಸವನ್ನು ಯಾರೂ ತಂದಿಡಲಿಲ್ಲ. ಕೃತಿಚೌರ್ಯದ ತಪಾಸಣೆಯದೂ ಇದೇ ಕಥೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕನ್ನಡ, ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಪಠ್ಯವನ್ನು ಅದು ಹೋಲುವುದೇ ಇಲ್ಲ. ಯಂತ್ರ ಪಾಸು ಮಾಡಿದ ಮಾತ್ರಕ್ಕೆ ಸ್ವಂತ ಬರಹವೆಂದು ನಂಬಲಾಗದು.

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸಿಲ್ವಿಯಾ 2007ರಲ್ಲಿ ತಂದ ಪುಸ್ತಕವೊಂದರ ಸಲಹೆ ಈಗ ನಮ್ಮಲ್ಲೂ ಕೇಳಿಬರುತ್ತಿದೆ: ಸ್ಫೂರ್ತಿಗೆ ಕಾಯದೆ ವೇಳೆ ಗೊತ್ತುಮಾಡಿ ಬರೆಯಿರಿ. ಮಾತು ಸರಿ. ಆದರೆ 2022ರಲ್ಲಿ ಗೌರವಧನದ ಜೊತೆಗೆ ಪಾಠದ ಹೊರೆಯನ್ನೂ ವಾರಕ್ಕೆ 15 ಗಂಟೆಗೆ ಏರಿಸಿಕೊಂಡ, ಮುಂದಿನ ಸೆಮಿಸ್ಟರಿಗೆ ಕೆಲಸ ಉಂಟೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕಿಗೆ ‘ದಿನಾ ಬೆಳಿಗ್ಗೆ ಬರೀರಿ’ ಎನ್ನುವುದು ಉಪದೇಶವಷ್ಟೇ. ಸಿಲ್ವಿಯಾ ಇನ್ನೊಂದು ಮಾತನ್ನೂ ಹೇಳಿದ್ದಾರೆ: ನಾಲ್ಕು ಜನ ನಿಯಮಿತವಾಗಿ ಸೇರಿ, ಯಾರು ಏನು ಬರೆಯುತ್ತೇವೆಂದು ಒಪ್ಪಿಕೊಂಡು, ಮುಂದಿನ ಸಲ ಲೆಕ್ಕ ಕೊಡಿ. ನಮಗೆ ಬೇಕಾದದ್ದು ಈ ಎರಡನೆಯದು.

ಇದಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರಿಗೆ ವಿಶ್ವವಿದ್ಯಾಲಯದ ಹುದ್ದೆಯಿರಲಿಲ್ಲ, ಅನುದಾನವೂ ಇರಲಿಲ್ಲ. 1923ರಲ್ಲಿ ವಚನಶಾಸ್ತ್ರಸಾರ ತಂದರು, 1925ರಲ್ಲಿ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ತ್ರೈಮಾಸಿಕ ಆರಂಭಿಸಿದರು. ಅವರ ತ್ಯಾಗವನ್ನು ನಾವು ಸಾಕಷ್ಟು ಹೊಗಳಿದ್ದೇವೆ. ಅವರ ಕೆಲಸದ ರೀತಿಯನ್ನು ಗಮನಿಸಿಲ್ಲ. ಮೂರು ತಿಂಗಳಿಗೊಮ್ಮೆ ಸಂಚಿಕೆ ಹೊರಡಲೇಬೇಕು, ಚಂದಾದಾರ ಕಾಯುತ್ತಿರುತ್ತಾನೆ. ಹುಡುಕಿದ ತಾಳೆಗರಿಯ ಪಾಠ ಪೆಟ್ಟಿಗೆಯಲ್ಲಿ ಉಳಿಯದೆ ಕಂತುಕಂತಾಗಿ ಓದುಗರ ಕೈಸೇರಿದ್ದು ಈ ಗಡುವಿನಿಂದ.

ಬಸವಕಲ್ಯಾಣದ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಆಗಿನ ಅಂದಾಜಿನಲ್ಲಿ ಸುಮಾರು 500 ಕೋಟಿಯ ಯೋಜನೆ. ಕಟ್ಟಡದ ಬಗ್ಗೆ ನನ್ನ ತಕರಾರಿಲ್ಲ. 2023ರಲ್ಲಿ ಆರಂಭವಾದ ಬೀದರ್ ವಿಶ್ವವಿದ್ಯಾಲಯಕ್ಕೆ ಕೇಳುವುದು ಇದಕ್ಕಿಂತ ಬಹಳ ಅಗ್ಗದ್ದು. ಹುಮನಾಬಾದಿಗೆ ಹೆದ್ದಾರಿಯೂ ಇದೆ, 2017ರಿಂದ ಬೀದರ್–ಕಲಬುರಗಿ ರೈಲೂ ಇದೆ; ಬಸವಕಲ್ಯಾಣದವರು ಬಸ್ಸಿನಲ್ಲಿ ಬಂದು ಸಂಜೆಗೆ ಮನೆ ಸೇರಬಹುದು. ಹುಮನಾಬಾದಿನ ಯಾವುದಾದರೂ ಕಾಲೇಜಿನ ಒಂದು ಕೋಣೆ, ತಿಂಗಳಿಗೊಂದು ಶನಿವಾರ, ಬರೆದು ತಂದ ಐದು ಪುಟ, ಅದನ್ನು ಮೊದಲೇ ಓದಿಕೊಂಡು ಬರುವ ಒಬ್ಬ ಹಿರಿಯ ಪ್ರಾಧ್ಯಾಪಕರಿಗೆ ಪ್ರಯಾಣ ಭತ್ಯೆ. ಒಂದು ವರ್ಷ ನಡೆಸಿ ನೋಡಿ. ಉದ್ಘಾಟಕರನ್ನು ಮಾತ್ರ ಕರೆಯಬೇಡಿ.