ವೆನಿಸ್ಸಿನ ಹಿತ್ತಲು: ವಿಸ್ಲರನ ನಗರಚಿತ್ರಗಳನ್ನು ಓದುವ ಬಗೆ

ನಗರವರ್ಣನೆಯು ನಮ್ಮ ಮಹಾಕಾವ್ಯ ಪರಂಪರೆಯ ಅಷ್ಟಾದಶ ವರ್ಣನೆಗಳಲ್ಲೊಂದು. ಕೋಟೆ, ಅಗಳು, ಅಂಗಡಿಬೀದಿ, ಉದ್ಯಾನಗಳಿಲ್ಲದ ಪಟ್ಟಣ ನಮ್ಮ ಚಂಪೂಕಾವ್ಯಗಳಲ್ಲಿ ವಿರಳ. ಈ ವರ್ಣನೆಗಳು ಕವಿಸಮಯಕ್ಕೆ ಬದ್ಧವಾದುವು. ಅವನ್ನು ನೇರ ಸಾಕ್ಷ್ಯವೆಂದು ಸ್ವೀಕರಿಸಲಾಗದೆಂಬ ಎಚ್ಚರ ಸಂಶೋಧಕರಲ್ಲಿ ಬೇರೂರಿದೆ. ಆದರೆ ಪ್ರವಾಸಿ ಕಲಾವಿದನೊಬ್ಬನು ಸ್ಥಳದಲ್ಲಿಯೇ ಕುಳಿತು ರಚಿಸಿದ ಮೂಲೆಗಲ್ಲಿಯ ಚಿತ್ರವೊಂದು ಎದುರಾದಾಗ ಈ ಎಚ್ಚರ ಸಡಿಲಗೊಳ್ಳುವುದುಂಟು. ಸ್ಮಾರಕವನ್ನು ಬಿಟ್ಟು ಹಿತ್ತಲ ಬಾಗಿಲನ್ನು ಚಿತ್ರಿಸಿದವನು ಕಂಡುದನ್ನೇ ಚಿತ್ರಿಸಿರಬೇಕೆಂಬುದು ಈ ನಂಬಿಕೆಯ ತಿರುಳು. ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರನ (1834-1903) ವೆನಿಸ್ ಚಿತ್ರಗಳು ಈ ನಂಬಿಕೆಯನ್ನು ಪರೀಕ್ಷಿಸಲು ತಕ್ಕ ಒರೆಗಲ್ಲು.

ವಿಮರ್ಶಕ ಜಾನ್ ರಸ್ಕಿನ್ನನ ಮೇಲೆ ಹೂಡಿದ ಮಾನಹಾನಿ ಮೊಕದ್ದಮೆಯನ್ನು ವಿಸ್ಲರ್ 1878ರಲ್ಲಿ ಗೆದ್ದನಾದರೂ ಅವನಿಗೆ ದಕ್ಕಿದ ಪರಿಹಾರ ಕೇವಲ ಒಂದು ಫಾರ್ದಿಂಗ್. ಮರುವರ್ಷ ದಿವಾಳಿಯಾದ ಅವನು ಲಂಡನ್ನಿನ ಫೈನ್ ಆರ್ಟ್ ಸೊಸೈಟಿಗಾಗಿ ಹನ್ನೆರಡು ಎಚಿಂಗ್‌ಗಳನ್ನು ಸಿದ್ಧಪಡಿಸಲು 1879ರ ಸೆಪ್ಟೆಂಬರಿನಲ್ಲಿ ವೆನಿಸ್ಸಿಗೆ ತೆರಳಿದನು. ಕೆಲವೇ ತಿಂಗಳುಗಳ ಕೆಲಸವು ಒಂದು ವರ್ಷವನ್ನು ಮೀರಿ ಬೆಳೆಯಿತು. ಕೆನಲೆಟ್ಟೋ ಮೊದಲಾದವರು ಹದಿನೆಂಟನೆಯ ಶತಮಾನದಲ್ಲಿ ರೂಢಿಗೆ ತಂದ ವಿಶಾಲ ದೃಶ್ಯಗಳಿಗಿಂತ ಕಿರುಗಾಲುವೆ, ಅಂಗಳ, ಸೇತುವೆಯಡಿ, ನೀರಂಚಿನ ಹೊಸ್ತಿಲುಗಳೇ ಅವನನ್ನು ಹೆಚ್ಚು ಸೆಳೆದವು. ‘ಬಾಗಿಲು’ ಎಂಬ ಫಲಕದಲ್ಲಿ ಹಳೆಯ ಅರಮನೆಯೊಂದರ ಕೆತ್ತನೆಯ ಮುಂಭಾಗವಿದೆ. ಒಳಗಿನ ಕತ್ತಲಲ್ಲಿ ಕುರ್ಚಿಗಳು ತೂಗಿವೆ. ಹೊಸ್ತಿಲಲ್ಲಿ ಹೆಣ್ಣೊಬ್ಬಳು ನೀರಿನತ್ತ ಬಾಗಿದ್ದಾಳೆ. ಸಿರಿಯ ಗೋಡೆಯೊಳಗೆ ದುಡಿಮೆ ನೆಲೆಸಿದ ಬಗೆಯನ್ನು ಇಷ್ಟು ಮಿತವಾಗಿ ಹೇಳಿದ ಚಿತ್ರಗಳು ಅಪರೂಪ.

ಆದರೂ ಇದನ್ನು ದಾಖಲೆಯೆನ್ನಲು ನಾವು ಹಿಂಜರಿಯುತ್ತೇವೆ. ವಿಸ್ಲರ್ ತಾಮ್ರಫಲಕದ ಮೇಲೆ ಕಂಡಂತೆಯೇ ಗೀರುತ್ತಿದ್ದುದರಿಂದ ಮುದ್ರಣದಲ್ಲಿ ಎಡವು ಬಲವಾಗಿ, ಬಲವು ಎಡವಾಗಿ ತಿರುಗಿದೆ. ಅದನ್ನು ಸರಿಪಡಿಸುವ ಗೋಜಿಗೆ ಅವನು ಹೋಗಲಿಲ್ಲ. ಫಲಕದ ಮೇಲೆ ಶಾಯಿಯನ್ನು ಬೇಕೆಂದೇ ತೆಳುವಾಗಿ ಉಳಿಸಿ ಒತ್ತುತ್ತಿದ್ದುದರಿಂದ ಒಂದೇ ಬಾಗಿಲು ಒಂದು ಪ್ರತಿಯಲ್ಲಿ ಬೆಳಗಿನಂತೆಯೂ ಮತ್ತೊಂದರಲ್ಲಿ ಮುಸ್ಸಂಜೆಯಂತೆಯೂ ತೋರಬಲ್ಲದು. ‘ಭಿಕ್ಷುಕರು’ ಎಂಬ ಫಲಕದ ಸ್ಥಿತಿ ಇನ್ನೂ ಗಮನಾರ್ಹ. ಮುದ್ರಣದ ಹಂತದಿಂದ ಹಂತಕ್ಕೆ ಅದರ ಓಣಿ ಉಳಿಯುತ್ತದೆ, ಅಲ್ಲಿನ ಮನುಷ್ಯರು ಬದಲಾಗುತ್ತಾರೆ. ಹಸ್ತಪ್ರತಿಗಳಲ್ಲಿ ಪಾಠಾಂತರವನ್ನು ಗುರುತಿಸುವವರಿಗೆ ಇದರ ಅರ್ಥ ಹೊಳೆಯದಿರದು: ಕಲಾವಿದನಿಗೆ ಬೇಕಾದುದು ಕತ್ತಲು ಬೆಳಕುಗಳ ನಡುವೆ ನಿಲ್ಲುವ ಒಂದು ಆಕೃತಿ, ಆ ಬಡವರು ಯಾರೆಂಬುದಲ್ಲ.

ರಸ್ಕಿನ್ ಇದೇ ನಗರದ ಕಂಬ ಕಮಾನುಗಳನ್ನು ಅಳೆದು, ಚಿತ್ರಿಸಿ, 1851-53ರಲ್ಲಿ ‘ವೆನಿಸ್ಸಿನ ಶಿಲೆಗಳು’ ಗ್ರಂಥವನ್ನು ಪ್ರಕಟಿಸಿದ್ದನು. ಅವನದು ಅಳಿಯುತ್ತಿರುವುದನ್ನು ಉಳಿಸುವ ಹಂಬಲ. ವಿಸ್ಲರನದು ಕ್ಷಣದ ಭಾವವನ್ನು ಹಿಡಿಯುವ ಹಂಬಲ. ಕಟ್ಟಡದ ಇತಿಹಾಸಕ್ಕೆ ಮೊದಲನೆಯವನು ನೆರವಾಗುತ್ತಾನೆ. ಹೊಸ್ತಿಲು, ನೀರು, ನೆರಳುಗಳ ನಡುವೆ ಬದುಕು ಹೇಗೆ ಹಬ್ಬಿಕೊಳ್ಳುತ್ತದೆಂಬ ಅರಿವನ್ನು ಎರಡನೆಯವನು ಕೊಡುತ್ತಾನೆ. ಒಬ್ಬನಿಂದ ಪಡೆಯಬೇಕಾದುದನ್ನು ಇನ್ನೊಬ್ಬನಲ್ಲಿ ಅರಸುವುದು ವಿಧಾನದ ದೋಷ.

ಅಲಕ್ಷಿತ ಮೂಲೆಯೂ ಬೇಗನೆ ಒಂದು ಕವಿಸಮಯವಾಗಬಲ್ಲದು. ಬಿರುಕುಗೋಡೆ, ಒಣಗುವ ಬಟ್ಟೆ, ಬಾಗಿಲಲ್ಲಿ ಕುಳಿತ ಮುದುಕಿ, ಇವು ಇಂದಿನ ಪ್ರವಾಸಚಿತ್ರಗಳ ಅಷ್ಟಾದಶ ವರ್ಣನೆಗಳಾಗಿವೆ. ಮುಂಬಯಿಯ ಚಾಳುಗಳನ್ನೋ ಹೈದರಾಬಾದಿನ ಹಳೆಯ ಗಲ್ಲಿಗಳನ್ನೋ ಇಂಥ ಚಿತ್ರಗಳ ಆಧಾರದಿಂದ ಅಧ್ಯಯನ ಮಾಡುವವರು ಕಾವ್ಯದ ಪಟ್ಟಣಕ್ಕೆ ಒಡ್ಡುವ ಪ್ರಶ್ನೆಗಳನ್ನೇ ಇವುಗಳಿಗೂ ಒಡ್ಡಬೇಕು. ವಿಸ್ಲರನ ಹೆಚ್ಚಳವು ಈ ಪರೀಕ್ಷೆಯ ನಂತರವೂ ಕುಂದುವುದಿಲ್ಲ. ಓಣಿಯಿಂದ ಅಳಿಸಿಹೋದ ಭಿಕ್ಷುಕರ ಲೆಕ್ಕವನ್ನು ಮಾತ್ರ ವಿಮರ್ಶೆ ಇಡಲೇಬೇಕಾಗುತ್ತದೆ.