ಗ್ರಾಮ್ ಪಾರ್ಸನ್ಸ್: ಬೆಸುಗೆ ಕೂಡಿದ್ದು ಎಲ್ಲಿ?

ಕಂಟ್ರಿಗೂ ರಾಕ್‌ಗೂ ನಂಟು ಬೆಳೆಸಿದವರು ಯಾರೆಂದು ಕೇಳಿದರೆ ಅಮೆರಿಕದ ಗಾಯಕ ಗ್ರಾಮ್ ಪಾರ್ಸನ್ಸ್ ಹೆಸರು ತಪ್ಪದೆ ಬರುತ್ತದೆ. ಸಾಕ್ಷಿಗೆಂದು, ಅವನು ಆಗ ಸೇರಿದ್ದ 'ಬರ್ಡ್ಸ್' ತಂಡದ 'ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ' (1968) ಆಲ್ಬಮ್ಮನ್ನು ಮುಂದಿಡುವುದು ವಾಡಿಕೆ. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪೆಡಲ್ ಸ್ಟೀಲ್, ಬ್ಯಾಂಜೊ, ಪಿಟೀಲು ತುಂಬಿದ ಆ ಆಲ್ಬಮ್ಮಿನಲ್ಲಿ ರಾಕ್ ಎಲ್ಲಿದೆ? ಅಲ್ಲಿರುವುದು ಬಹುಮಟ್ಟಿಗೆ ಅಪ್ಪಟ ಕಂಟ್ರಿ. ಅದೂ ಸಣ್ಣ ಸಾಹಸವಲ್ಲ. ವಿಯೆಟ್ನಾಂ ಯುದ್ಧದ ಆ ದಿನಗಳಲ್ಲಿ ಉದ್ದಗೂದಲಿನ ಹುಡುಗರಿಗೆ ಕಂಟ್ರಿ ಎಂದರೆ ಯುದ್ಧವನ್ನು ಬೆಂಬಲಿಸುವ ಎದುರು ಪಾಳೆಯದವರ ಹಾಡು. ಪಾರ್ಸನ್ಸ್ ಅದನ್ನು ಒಂದಿಷ್ಟೂ ಅಣಕಿಸದೆ, ಮನಸಾರೆ ಹಾಡಿದ.

ನಿಜವಾದ ಬೆಸುಗೆ ಮರುವರ್ಷದ್ದು. 'ಬರ್ಡ್ಸ್'ನಲ್ಲಿ ಜೊತೆಗಿದ್ದ ಕ್ರಿಸ್ ಹಿಲ್‌ಮನ್ ಜೊತೆ ಕಟ್ಟಿದ 'ಫ್ಲೈಯಿಂಗ್ ಬರಿಟೊ ಬ್ರದರ್ಸ್' ತಂಡದ 'ದ ಗಿಲ್ಡೆಡ್ ಪ್ಯಾಲೇಸ್ ಆಫ್ ಸಿನ್' ಕೇಳಿ. ತಂಡದ ಸ್ನೀಕಿ ಪೀಟ್ ಕ್ಲೈನೊ ಪೆಡಲ್ ಸ್ಟೀಲನ್ನು ದನಿ ಒರಟಾಗಿಸುವ ಫಜ್ ಸಾಧನದ ಮೂಲಕ ಹಾಯಿಸಿ, ಲೀಡ್ ಗಿಟಾರಿನ ಕೆಲಸವನ್ನೂ ಅದರಿಂದಲೇ ಮಾಡಿಸುತ್ತಾನೆ. ಕಂಟ್ರಿಯ ಅಳುವ ವಾದ್ಯವೇ ಇಲ್ಲಿ ಗುರುಗುಟ್ಟುತ್ತದೆ. ಇದಕ್ಕಿಂತ ದೊಡ್ಡದು ಹಾಡುಗಳ ಆಯ್ಕೆ. ಜೇಮ್ಸ್ ಕಾರ್ ಹಾಡಿದ್ದ 'ದ ಡಾರ್ಕ್ ಎಂಡ್ ಆಫ್ ದ ಸ್ಟ್ರೀಟ್', ಅರೀಥಾ ಫ್ರ್ಯಾಂಕ್ಲಿನ್ ಹಾಡಿದ್ದ 'ಡೂ ರೈಟ್ ವುಮನ್' ಎರಡೂ ಸೋಲ್ ಗೀತೆಗಳು, ಅಂದರೆ ಕರಿಯರ ಸಂಗೀತ. ಪಾರ್ಸನ್ಸ್ ದನಿಯಲ್ಲಿ ಅವು ಹುಟ್ಟಾ ಕಂಟ್ರಿ ಹಾಡುಗಳಂತೆ ಕೇಳಿಸುತ್ತವೆ. ಅಮೆರಿಕದ ದಕ್ಷಿಣದಲ್ಲಿ ಕರಿಯರ ಹಾಡು, ಬಿಳಿಯರ ಹಾಡು ಎಂದು ಬೇರೆಬೇರೆ ಹೆಸರಿಟ್ಟು ಮಾರಿದವರು 1920ರ ದಶಕದ ರೆಕಾರ್ಡ್ ಕಂಪನಿಗಳು; ನೋವು ಒಂದೇ ಆಗಿತ್ತು. ಜಾರ್ಜಿಯದ ವೇಕ್ರಾಸ್‌ನಲ್ಲಿ ಬೆಳೆದ ಪಾರ್ಸನ್ಸ್ ಇದನ್ನು ವಾದಿಸಲು ಹೋಗದೆ ಹಾಡಿ ತೋರಿಸಿದ.

ದೋಷಗಳಿಲ್ಲವೆಂದಲ್ಲ. ಅವನ ಶ್ರುತಿ ಅಲುಗುತ್ತದೆ, ಮೇಲಿನ ಸ್ವರಗಳಲ್ಲಿ ದನಿ ಒಡೆಯುತ್ತದೆ. ನನ್ನ ಕಿವಿಗೆ ಆ ಒಡಕೇ ಹಾಡಿನ ಜೀವ. ಆದರೆ ತಂಡದ ಮುಂದಿನ ಆಲ್ಬಮ್ 'ಬರಿಟೊ ಡಿಲಕ್ಸ್' (1970) ಸಡಿಲವಾಗಿದೆ, ಅದಕ್ಕೆ ಸಮಜಾಯಿಷಿಯಿಲ್ಲ. ಗಾಯಕಿ ಎಮಿಲೂ ಹ್ಯಾರಿಸ್ ಜೊತೆಗಿನ ಯುಗಳಗೀತೆಗಳಿರುವ, ಅವನ ಸ್ವಂತ ಹೆಸರಿನ ಆಲ್ಬಮ್‌ಗಳಾದ 'ಜಿಪಿ' (1973) ಮತ್ತು 'ಗ್ರೀವಸ್ ಏಂಜಲ್' (1974) ಬಹಳ ಚೆಲುವಾದವು. ಅಲ್ಲಿ ಅವನು ಬೆಸುಗೆಯ ಹಾದಿ ಬಿಟ್ಟು ಹಳೆಯ ಕಂಟ್ರಿಯ ಮನೆಗೇ ಮರಳಿದ್ದಾನೆ. ಬರಿಟೊ ತಂಡದಲ್ಲಿದ್ದ ಬರ್ನಿ ಲೆಡನ್ ಮುಂದೆ 'ಈಗಲ್ಸ್' ಕಟ್ಟುವವರಲ್ಲಿ ಒಬ್ಬನಾದ. ಆ ತಂಡ ಈ ಸಂಗೀತವನ್ನು ನುಣುಪು ಮಾಡಿ ಲೋಕಕ್ಕೆಲ್ಲ ಮಾರಿತು. ನುಣುಪಿನಲ್ಲಿ ಸೋಲ್ ಕಳೆದುಹೋಯಿತು.

1973ರ ಸೆಪ್ಟೆಂಬರಿನಲ್ಲಿ, 26ನೇ ವಯಸ್ಸಿಗೆ ಪಾರ್ಸನ್ಸ್ ತೀರಿಕೊಂಡ. ಹಾಡುಗಳಿಗಿಂತ ಆ ಸಾವಿನ ಕಥೆಗಳೇ ಹೆಚ್ಚು ಓಡಾಡುತ್ತಿವೆ. ದಯವಿಟ್ಟು ಅವನ್ನು ಬದಿಗಿಡಿ. ಜೇಮ್ಸ್ ಕಾರ್ ಹಾಡನ್ನು ಮೊದಲು ಕೇಳಿ, ಬೆನ್ನಿಗೇ ಪಾರ್ಸನ್ಸ್ ಹಾಡಿದ್ದನ್ನು ಕೇಳಿ.