ಯಶೋಧರನಿಗೊಂದು ತಕ್ಕಡಿ, ಅಮೃತಮತಿಗೊಂದು

ಜನ್ನನ ‘ಯಶೋಧರ ಚರಿತೆ’ (1209) ಅಹಿಂಸೆಯ ಕಾವ್ಯವೆಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಅದು ಸುಳ್ಳಲ್ಲ. ಆದರೆ ಮನಸ್ಸಿನ ಸಹಜ ಒಲವಿಗೂ ವಿವೇಕಕ್ಕೂ ಮುಖಾಮುಖಿಯಾದಾಗ ಏನೇನು ನಡೆಯುತ್ತದೆ ಎಂಬುದನ್ನು ಹಳಗನ್ನಡದಲ್ಲಿ ಇಷ್ಟು ಹತ್ತಿರದಿಂದ ನೋಡಿದ ಕೃತಿ ನನಗೆ ಇನ್ನೊಂದು ಕಾಣದು. ಹಾಗೆ ನೋಡಿದ ಕವಿಯೇ ಕೊನೆಗೆ ಕಣ್ಣು ಮುಚ್ಚಿಕೊಂಡದ್ದು ನನ್ನನ್ನು ಕಾಡುತ್ತದೆ.

ಉಜ್ಜಯಿನಿಯ ರಾಣಿ ಅಮೃತಮತಿಗೆ ಯಾವ ಕೊರತೆಯೂ ಇಲ್ಲ. ಗಂಡ ಯಶೋಧರ ಚೆಲುವ, ಅವಳನ್ನು ಬಿಟ್ಟಿರಲಾರದವನು. ಗಜಶಾಲೆಯ ಮಾವುತನ ಹಾಡು ಕಿವಿಗೆ ಬೀಳುತ್ತದೆ, ಅಷ್ಟೆ. ಹಾಡಿದವನನ್ನು ನೋಡಿಬಂದ ಕೆಳದಿ ಅವನ ವಿಕಾರಕ್ಕೆ ಹೇಸಿದರೂ ರಾಣಿ ಅಲುಗುವುದಿಲ್ಲ. ಮನಸ್ಸು ಹೋದ ಮೇಲೆ ರೂಪದ ಮಾತು ಯಾಕೆ ಎಂಬುದು ಅವಳ ನಿಲುವು. ಈ ಪದ್ಯಗಳಲ್ಲಿ ಕವಿ ಅವಳನ್ನು ಬೈಯುವುದಕ್ಕಿಂತ ಹೆಚ್ಚಾಗಿ ಅವಳ ಮಾತಿಗೆ ಕಿವಿಗೊಡುತ್ತಾನೆ. ಒಲವು ಕಾರಣ ಕೇಳಿ ಹುಟ್ಟುವುದಿಲ್ಲ ಎಂಬ ಸತ್ಯವನ್ನು ಹೊಯ್ಸಳ ಆಸ್ಥಾನದ ಈ ಜೈನ ಕವಿ ಪುಟ್ಟ ಕಂದಪದ್ಯಗಳಲ್ಲಿ ಹಿಡಿದಿಟ್ಟ ಬಗೆಗೆ ನಾನು ಪ್ರತಿ ಓದಿನಲ್ಲೂ ತಲೆಬಾಗುತ್ತೇನೆ.

ಯಶೋಧರನ ವಿವೇಕ ಇನ್ನೂ ಸೂಕ್ಷ್ಮವಾದ ವಸ್ತು. ತಡವಾಗಿ ಬಂದಳೆಂದು ಮಾವುತ ರಾಣಿಯನ್ನು ಬಡಿಯುವುದನ್ನೂ ಅವಳು ಅದನ್ನು ಸಹಿಸುವುದನ್ನೂ ಮರೆಯಲ್ಲಿ ನಿಂತು ಕಂಡ ಅರಸ ಕತ್ತಿಗೆ ಕೈಹಾಕಿ, ತಡೆದುಕೊಳ್ಳುತ್ತಾನೆ. ಇದನ್ನು ಸಂಯಮವೆಂದು ಹೊಗಳಿ ಮುಂದೆ ಹೋಗುವಂತಿಲ್ಲ. ಮರುದಿನ ಅವನು ಹೂವಿನಿಂದ ಹೊಡೆದಾಗ ಅವಳು ನೊಂದವಳಂತೆ ಬೀಳುತ್ತಾಳೆ. ಅರಸನ ಉಪಚಾರದಲ್ಲಿ ಕೊಂಕು ಕಾಣಿಸುತ್ತದೆ. ತಡೆದ ಸಿಟ್ಟು ಒಳಗೇ ಉಳಿದಿತ್ತು ಎಂದಾಯಿತು. ತಾಯಿ ಚಂದ್ರಮತಿ ಕೇಳಿದಾಗ ಕಂಡದ್ದನ್ನು ಕೆಟ್ಟ ಕನಸೆಂದು ಮರೆಮಾಚುತ್ತಾನೆ. ಅವಳು ಶಾಂತಿಗೆ ಬಲಿ ಕೊಡು ಎನ್ನುತ್ತಾಳೆ. ಜೀವ ತೆಗೆಯಲಾರೆ, ತಾಯಿಯ ಮಾತು ಮೀರಲಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕದಲ್ಲಿ ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಕತ್ತಿ ಬಿದ್ದಾಗ ಅದು ಕೂಗುತ್ತದೆ.

ಇಲ್ಲಿ ಬುದ್ಧಿ ದುಡಿದದ್ದು ಧರ್ಮಕ್ಕಲ್ಲ, ಇಕ್ಕಟ್ಟಿನಿಂದ ನುಣುಚಿಕೊಳ್ಳುವುದಕ್ಕೆ. ಕೊಲ್ಲುವ ಸಂಕಲ್ಪ ಮಾಡಿದ ಮೇಲೆ ಕೋಳಿ ಹಿಟ್ಟಿನದಾದರೇನು ಎಂಬ ಜೈನ ವಿಚಾರ ಕಾವ್ಯದ ಬೆನ್ನೆಲುಬು. ಆ ಒಂದು ಸಂಕಲ್ಪಕ್ಕಾಗಿ, ಅಮೃತಮತಿ ಇಟ್ಟ ವಿಷದಿಂದ ಸತ್ತ ತಾಯಿಮಗ ನವಿಲು, ನಾಯಿ ಮೊದಲಾದ ಜನ್ಮಗಳನ್ನೆತ್ತಿ ನರಳಿ, ಕೋಳಿಗಳಾಗಿಯೂ ಸತ್ತು, ಕೊನೆಗೆ ಯಶೋಧರನ ಮಗ ಯಶೋಮತಿಗೇ ಅವಳಿಮಕ್ಕಳಾಗಿ ಹುಟ್ಟುತ್ತಾರೆ. ಈ ಭವಾವಳಿ ನನಗೆ ದೀರ್ಘವೆನಿಸುತ್ತದೆ, ಪದ್ಯಗಳು ಲೆಕ್ಕ ಒಪ್ಪಿಸುವ ಧಾಟಿಗೆ ಇಳಿಯುತ್ತವೆ. ಕಥೆ ವಾದಿರಾಜನ ಸಂಸ್ಕೃತ ಕಾವ್ಯದಿಂದ ಬಂದದ್ದು ನಿಜ, ಆದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬುದು ಕವಿಯ ಕೈಯಲ್ಲೇ ಇತ್ತು.

ನನ್ನ ನಿಜವಾದ ತಕರಾರು ಬೇರೆ. ಹಿಂಸೆಯ ವಿಷಯದಲ್ಲಿ ಕಾವ್ಯದ ತಕ್ಕಡಿ ಅತಿ ಸೂಕ್ಷ್ಮ: ಕೃತ್ಯವನ್ನೂ ಅದರ ಹಿಂದಿನ ಭಾವವನ್ನೂ ಬೇರೆಬೇರೆ ತೂಗುತ್ತದೆ. ಕಾಮದ ವಿಷಯಕ್ಕೆ ಬಂದಾಗ ಆ ತಕ್ಕಡಿ ಮಾಯವಾಗುತ್ತದೆ. ಹಾಡಿಗೆ ಮನಸೋತದ್ದು ಅಮೃತಮತಿಯ ಸಂಕಲ್ಪವಲ್ಲ, ವಿಷವಿಟ್ಟದ್ದು ಸಂಕಲ್ಪ. ಎರಡರ ನಡುವಿನ ದೂರವನ್ನು ಕವಿ ಅಳೆಯುವುದೇ ಇಲ್ಲ, ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಅವಳನ್ನು ನರಕಕ್ಕೆ ಕಳಿಸುತ್ತಾನೆ. ಅರಸನಿಗೆ ತಪ್ಪನ್ನು ತಿಳಿದು ತಿದ್ದಿಕೊಳ್ಳಲು ಜನ್ಮಗಳ ಸಾಲೇ ಇದೆ, ರಾಣಿಗೆ ಯೋಚಿಸುವ ಒಂದು ಗಳಿಗೆಯೂ ಇಲ್ಲ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ರಾಣಿಗೇ ಮಾತು ಕೊಟ್ಟದ್ದು ಈ ಬಿರುಕನ್ನು ಕಂಡೇ ಇರಬೇಕು.

ಜನ್ನನಿಗೆ ಅಂಥ ಕರುಣೆ ತಿಳಿಯದೆ ಇರಲಿಲ್ಲ. 1230ರ ‘ಅನಂತನಾಥ ಪುರಾಣ’ದಲ್ಲಿ ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಹೊತ್ತೊಯ್ದ ಚಂಡಶಾಸನ, ಅವಳು ಸತ್ತಾಗ ಅವಳ ಚಿತೆಗೇ ಬೀಳುತ್ತಾನೆ. ಮಾಡಿದ್ದು ಘೋರ ಅಪರಾಧ, ಆದರೂ ಆ ಸಾವಿನ ಎದುರು ಓದುಗನ ಮನಸ್ಸು ಕರಗುವಂತೆ ಕವಿ ಬರೆದಿದ್ದಾನೆ. ಅದರಲ್ಲಿ ಒಂದು ಪಾಲನ್ನಾದರೂ ಅವನು ಇಪ್ಪತ್ತೊಂದು ವರ್ಷ ಮುಂಚೆ ಅಮೃತಮತಿಗೆ ಕೊಡಬಹುದಿತ್ತು.